ಲಾರಿಗೆ ಕಟ್ಟಿದ ಅಮೃತಕಲಶ

ಕೇಳಿದಿರಾ ಗೆಳೆಯರೇ! ಇಂದು ಮಧ್ಯಾಹ್ನ ನಮ್ಮ ನಾಟಕ ಕಂಪನಿಯ ಲಾರಿ ಹತ್ತಿಮತ್ತೂರಿನ ಹೊರಗೆ ಉಸಿರುಗಟ್ಟಿ ನಿಂತಿತು. ಸಂಜೆಗೆ ಸವಣೂರಿನಲ್ಲಿ ಪರದೆ ಏಳಲೇಬೇಕು!

ಇಂಜಿನ್ನಿನೊಳಗೆ ತುಂಬುವ ಹೊಗೆ ಹೊರಬರಲು, ಸೈಲೆನ್ಸರ್ ಅಲ್ಲದೆ, ಇನ್ನೊಂದು ಸಣ್ಣ ಕೊಳವೆಯಿದೆ. ಬೆಳಗಿನಿಂದ ದಾರಿಯುದ್ದಕ್ಕೂ ಅದರಿಂದ ಎಣ್ಣೆ ಬೆರೆತ ಬಿಳಿ ಹೊಗೆ ನಮ್ಮತ್ತ ತೇಲಿ ಬರುತ್ತಿತ್ತು. ನಾನು ಅರೆನಿದ್ದೆಯಲ್ಲಿ ಮೋಡಗಳ ಮೇಲೆ ಸಾಗುತ್ತಿದ್ದೆ. ದೇವಲೋಕದ ರಾಜನ ಪಾತ್ರ ಮಾಡುವ ಚನ್ನಪ್ಪಣ್ಣನಿಗೆ ಮಾತ್ರ ತನ್ನ ರೇಷ್ಮೆ ಶಲ್ಯದ್ದೇ ಚಿಂತೆ. ಚಹಾಕ್ಕೆ ನಿಂತಾಗ ಕೊಳವೆಯ ಬಾಯಿಗೆ ಚಿಂದಿ ತುರುಕಿಬಿಟ್ಟ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಳಗೆ ಸಿಕ್ಕಿಬಿದ್ದ ಹೊಗೆಯ ಒತ್ತಡಕ್ಕೆ ಇಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿ ಪಟ್ಟೆಂದು ಹಾರಿ, ಬಾನೆಟ್ಟಿನೊಳಗೆ ಎಣ್ಣೆಯ ಕಾರಂಜಿ!

ಡ್ರೈವರ್ ಖಾದರಸಾಬ ಚಿಂದಿ ಕಿತ್ತು ಹಿಡಿದ. “ಅಣ್ಣಾರ, ನಿಮ್ಮ ಮೂಗು ಬಾಯಿ ಮುಚ್ಚಿದ್ರ ಹಾಡು ಬರ್ತೈತೇನ್ರಿ?”

“ಹಂಗಾರ ನನ್ನ ಶಲ್ಯದ ಗತಿ ಏನೋ ಖಾದರಾ?”

“ಹೊಗಿ ಹೊರಗ ಹೋಗ್ಲಿ, ಎಣ್ಣಿ ಡಬ್ಬಿಗೆ ಬೀಳ್ಲಿ. ಒಂದ್ ಡಬ್ಬಿ ಕೊಡ್ರಿ.”

ಡಬ್ಬಿ ಎಲ್ಲಿದೆ? ಚನ್ನಪ್ಪಣ್ಣನೇ ಪೆಟ್ಟಿಗೆ ತೆರೆದು ನಾಟಕದ ಅಮೃತಕಲಶ ತೆಗೆದುಕೊಟ್ಟ! ಖಾದರಸಾಬ ಅದನ್ನು ಲಾರಿಯ ಬದಿಗೆ ಕಟ್ಟಿ, ಕೊಳವೆಗೆ ಸೈಕಲ್ ಟ್ಯೂಬು ಸಿಕ್ಕಿಸಿ, ಅದರ ತುದಿಯನ್ನು ಕಲಶದೊಳಗೆ ಇಳಿಬಿಟ್ಟ. ಇಂಜಿನ್ನಿಗೆ ಹೊಸ ಎಣ್ಣೆ ಸುರಿದು, ಹಾರಿದ್ದ ಕಡ್ಡಿಯನ್ನು ಮತ್ತೆ ಸಿಕ್ಕಿಸಿ, ಹ್ಯಾಂಡಲ್ ತಿರುಗಿಸಿ ಚಾಲೂ ಮಾಡಿದ. ಕಲಶದ ಕಂಠದಿಂದ ಹೊಗೆ ಜೋಳದ ಹೊಲಗಳತ್ತ ತೇಲಿತು. ಎಣ್ಣೆ ತೊಟ್ಟುತೊಟ್ಟಾಗಿ ಒಳಗೇ ಉಳಿಯಿತು. ಲಾರಿ ಕನಸಿನಂತೆ ಸಾಗಿತು.

ಈಗ ಸವಣೂರಿನಲ್ಲಿದ್ದೇವೆ. ಗ್ಯಾಸ್‌ಬತ್ತಿ ಹಚ್ಚುವ ಹೊತ್ತಾಯಿತು. ಬೂದಿ ಹಾಕಿ ಎಷ್ಟು ತಿಕ್ಕಿದರೂ ಕಲಶದ ವಾಸನೆ ಹೋಗುತ್ತಿಲ್ಲ. ಇಂದು ಅದನ್ನೆತ್ತಿ ಗಟಗಟನೆ ಅಮೃತ ಕುಡಿಯಬೇಕಾದವನು ಚನ್ನಪ್ಪಣ್ಣ. ಅಮರನಾಗುವ ಕಷ್ಟ ಮೊದಲ ಸಾಲಿನವರಿಗೆ ಅವನ ಮುಖದಲ್ಲೇ ಕಾಣಲಿದೆ!