ಕಾಜಕ್ಕನ ಗೇಣು

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಬೀದಿಯವರಿಗೆ ಅದು ಬೇಕಾಗಲಿಲ್ಲ. ಟೈಲರ್ ಅಂಗಡಿಯ ಹಿಂದಿನ ಕಿಟಕಿ ಪಕ್ಕ ಕೂತು ಅಂಗಿಗಳಿಗೆ ಕಾಜಾ ಹಾಕುತ್ತಿದ್ದಳು, ಗುಂಡಿ ಹೊಲಿಯುತ್ತಿದ್ದಳು. ಹಾಗಾಗಿ ಕಾಜಕ್ಕ. ಮದುವೆಗೆ ಮುಂಚೆ ಹಿಡಿದ ಸೂಜಿಯನ್ನು ಮದುವೆಯಾದ ಮೇಲೂ ಬಿಡಲಿಲ್ಲ. ಶಾಲೆಗೆ ಹೋಗಿದ್ದು ಕೂಡುವುದು ಕಳೆಯುವುದು ಬರುವ ತನಕ. ಮಾತು ಕಡಿಮೆ. ಬಾಯಲ್ಲಿ ಸದಾ ದಾರದ ತುದಿ ಇರುವಾಗ ಮಾತಿಗೆ ಜಾಗ ಎಲ್ಲಿ ಎಂದು ಅಂಗಡಿಯ ಮಾಸ್ಟರ್ ತಮಾಷೆ ಮಾಡುತ್ತಿದ್ದರು.

ಗಂಡ ಬೆತ್ತದ ಕೆಲಸದವನು. ಕುಸಿದ ಕುರ್ಚಿಗಳನ್ನು ಮತ್ತೆ ಹೆಣೆಯುತ್ತಿದ್ದ, ತೊಟ್ಟಿಲು ಕಟ್ಟುತ್ತಿದ್ದ. ಮನೆಯ ಜಗಲಿಯೇ ಅವನ ಅಂಗಡಿ. ಅಳತೆಪಟ್ಟಿ ಇಟ್ಟುಕೊಂಡವನಲ್ಲ. ಎಲ್ಲಕ್ಕೂ ಗೇಣು. ಹೆಬ್ಬೆರಳು ಊರಿ, ಕಿರುಬೆರಳು ಚಾಚಿ, ಹುಳ ಹರಿದ ಹಾಗೆ ಬೆತ್ತದ ಮೇಲೆ ಕೈ ನಡೆಸುತ್ತಿದ್ದ. ಒಮ್ಮೆ ಅವಳು ಅಂಗಡಿಯಿಂದ ಹಳೇ ಟೇಪು ತಂದುಕೊಟ್ಟಳು.

"ಇದನ್ನ ಮರೆತು ಹೋದ್ರೆ ಕೆಲಸ ಕೆಟ್ಟಿತು. ಕೈ ಮರೆತು ಹೋಗಕ್ಕಾಗುತ್ತಾ?" ಎಂದು ಅವನು ಆ ಟೇಪಿನಿಂದ ಹಳೇ ಪೇಪರಿನ ಕಟ್ಟು ಬಿಗಿದಿಟ್ಟ.

ಮಕ್ಕಳಾಗಲಿಲ್ಲ. ಮನೆಯಲ್ಲಿ ಇದ್ದವರು ಗಂಡ, ಹೆಂಡತಿ, ಅತ್ತೆ. ಮೈದುನ ಮದುವೆಯಾದ ಮೇಲೆ ಹಿಂದಿನ ಬೀದಿಯಲ್ಲಿ ಬೇರೆ ಮನೆ ಮಾಡಿದ್ದ.

ಕ್ರಿಸ್ಮಸ್ಸಿಗೆ ಆ ಮನೆಯಲ್ಲಿ ಕೊಂಡು ತಂದ ಅಲಂಕಾರ ಇರಲಿಲ್ಲ. ಅತ್ತೆಯ ಕಟ್ಟುನಿಟ್ಟು. ಮೈದುನ ರಟ್ಟಿನ ಪೆಟ್ಟಿಗೆ ಕತ್ತರಿಸಿ ಬಾಲಯೇಸು ಮಲಗುವ ಗೋದಲಿ ಮಾಡುತ್ತಿದ್ದ. ಅತ್ತೆ ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಕುರಿ ಮಾಡುತ್ತಿದ್ದರು. ಅವು ಬೆಕ್ಕಿನ ಹಾಗೆ ಕಾಣುತ್ತಿದ್ದವು. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕಾಜಕ್ಕ ಜೋಡಿ ತಪ್ಪಿದ ಗುಂಡಿಗಳನ್ನು ಅಂಗಡಿಯಿಂದ ತಂದು ಸರ ಪೋಣಿಸುತ್ತಿದ್ದಳು. ನಕ್ಷತ್ರ ಮಾತ್ರ ಗಂಡನದು. ಬೆತ್ತದ ಸೀಳಿನಿಂದ ಐದು ತೋಳಿನ ಎರಡು ಚೌಕಟ್ಟು ಕಟ್ಟಿ, ತುದಿಗೆ ತುದಿ ಸೇರಿಸಿ, ನಡುವೆ ಗಿಡ್ಡ ಕಡ್ಡಿ ಕೊಟ್ಟು ಹೊಟ್ಟೆ ಉಬ್ಬಿಸಿ, ಮೇಲೆ ಬಣ್ಣದ ಕಾಗದ ಅಂಟಿಸುತ್ತಿದ್ದ. ಒಳಗೊಂದು ಬಲ್ಬು. ಅಂಟು ಕಾಯಿಸುವುದು ಕಾಜಕ್ಕನ ಪಾಲು.

ಅದು ಬರೀ ಅಲಂಕಾರವಲ್ಲ. ಕೈಯಲ್ಲಿ ಕಟ್ಟಿದ ನಕ್ಷತ್ರ ಯಾರ ಬಾಗಿಲಲ್ಲಿ ತೂಗುತ್ತದೋ ಅಲ್ಲೇ ಹಬ್ಬದ ಹಿಂದಿನ ರಾತ್ರಿ ಎಲ್ಲರ ಊಟ. ಇದು ಆ ವಂಶದ ಪದ್ಧತಿ. ಹಿಂದೆ ಊಟ ಗಂಡನ ದೊಡ್ಡಪ್ಪನ ಮನೆಯಲ್ಲಿತ್ತು. ಒಂದು ವರ್ಷ ಅಲ್ಲಿ ನಕ್ಷತ್ರ ಕಟ್ಟುವವರಿಲ್ಲದೆ ಊಟ ಇಲ್ಲಿಗೆ ಬಂತು. ಮತ್ತೆ ಆ ಕಡೆ ಹೋಗಲಿಲ್ಲ. ಆ ದೊಡ್ಡಮ್ಮ ಸಾಯುವ ತನಕ ನೆಂಟರ ಹಾಗೆ ಬಂದು, ಉಂಡು, ಕೈ ತೊಳೆದು ಹೋದರು. ಕಾಜಕ್ಕ ಅದನ್ನು ಕಣ್ಣಾರೆ ಕಂಡಿದ್ದಳು.

ಗಂಡ ಜ್ವರ ಎಂದು ಮಲಗಿದ, ಏಳಲಿಲ್ಲ. ಮಣ್ಣಾಯಿತು. ಅವಳು ಕೆಲವು ದಿನ ಮನೆಯಲ್ಲಿ ಕೂತು ನೋಡಿದಳು. ಕೂತರೆ ಗೋಡೆ ಕಾಣುತ್ತಿತ್ತು. ಕೆಲಸಕ್ಕೆ ಹೋದಳು. ಅವನ ಕತ್ತಿ, ಉಳಿ, ಬೆತ್ತ ಎಲ್ಲವನ್ನೂ ಅದೇ ಕಸುಬಿನ ಇನ್ನೊಬ್ಬನಿಗೆ ಕೊಟ್ಟಳು. ಒಂದು ನಕ್ಷತ್ರಕ್ಕಾಗುವಷ್ಟು ಸೀಳು ಮಾತ್ರ ಅಟ್ಟದ ಮೇಲೆ ಉಳಿಸಿಕೊಂಡಳು.

ಹಬ್ಬ ಹತ್ತಿರ ಬಂದಾಗ ಮೈದುನ ಬಂದ. ನಿಂತೇ ಮಾತಾಡಿದ.

"ಅತ್ತಿಗೆ, ಈ ಸಲ ಊಟ ನಮ್ಮನೇಲೇ ಆಗ್ಲಿ. ನಿಮಗ್ಯಾಕೆ ತೊಂದ್ರೆ. ನಕ್ಷತ್ರಾನೂ ತಂದಾಯ್ತು. ಕ್ಷಣಕ್ಕೊಂದು ಬಣ್ಣ ಬದಲಾಯಿಸುತ್ತೆ."

"ಅದೇನು ನಕ್ಷತ್ರನೋ, ರಸ್ತೆ ಸಿಗ್ನಲ್ಲೋ?" ಎಂದರು ಅತ್ತೆ, ಮಂಚದ ಮೇಲಿಂದ.

"ಅಮ್ಮಾ, ಅಣ್ಣ ಇಲ್ವಲ್ಲ. ಕಟ್ಟೋರ್ಯಾರು?"

"ನಾನು ಕಟ್ತೀನಿ," ಎಂದಳು ಕಾಜಕ್ಕ.

"ನೀವಾ?"

"ಇಷ್ಟು ವರ್ಷ ಅಂಟು ಕಾಯಿಸಿದ್ದು ಯಾರು?"

"ಅಂಟು ಕಾಯಿಸೋದೇ ಬೇರೆ, ನಕ್ಷತ್ರ ಕಟ್ಟೋದೇ ಬೇರೆ ಅತ್ತಿಗೆ."

"ಗೊತ್ತು."

ಅವನು ತಾಯಿಯ ಮುಖ ನೋಡಿದ. ಅತ್ತೆ ಹತ್ತಿ ಸುತ್ತುವುದನ್ನು ನಿಲ್ಲಿಸಲಿಲ್ಲ. "ಕಟ್ಟಿದ್ರೆ ಇಲ್ಲಿ. ಕಟ್ಟದಿದ್ರೆ ಅಲ್ಲಿ. ಆಮೇಲೆ ಇಬ್ರೂ ನನ್ನ ಹತ್ರ ಬಂದು ಮೂತಿ ಉದ್ದ ಮಾಡ್ಬೇಡಿ."

ಕಾಜಕ್ಕ ಸೀಳುಗಳನ್ನು ಬಕೆಟ್ಟಿನಲ್ಲಿ ನೆನೆಸಿದಳು. ಭಾನುವಾರ ಜಗಲಿಯಲ್ಲಿ ಕೂತಳು. ನೋಡಿ ನೋಡಿ ಕಲಿತ ಕೆಲಸ. ಗಂಡನ ಬಾಯಿಪಾಠ ಅವಳಿಗೂ ಬರುತ್ತಿತ್ತು. ಒಂದೊಂದು ಕಡ್ಡಿ ಮೂರು ಗೇಣು. ಹೆಬ್ಬೆರಳು ಊರಿದಳು, ಕಿರುಬೆರಳು ಚಾಚಿದಳು, ಅಳೆದಳು, ಕತ್ತರಿಸಿದಳು. ಕೂಡುವ ಕಡೆಯಲ್ಲೆಲ್ಲ ಕಾಜಾ ದಾರ ಸುತ್ತಿ ಗಂಟು ಹಾಕಿದಳು. ಅವನ ಗಂಟು ಸ್ವಲ್ಪ ದಿನಕ್ಕೆ ಸಡಿಲವಾಗುತ್ತಿತ್ತು. ಇವಳದು ಹಲ್ಲಿನಿಂದ ಎಳೆದರೂ ಬಿಚ್ಚುವಂಥದ್ದಲ್ಲ. ಚೌಕಟ್ಟು ನೆರಳಲ್ಲಿ ಒಣಗಿತು. ಎಲ್ಲೂ ಸೊಟ್ಟ ಇರಲಿಲ್ಲ. ಅವಳಿಗೆ ಒಳಗೊಳಗೇ ಹೆಮ್ಮೆಯಾಯಿತು.

ಕಾಗದ ಸಿದ್ಧವೇ ಇತ್ತು. ಪ್ರತಿ ವರ್ಷ ಹಳೇ ನಕ್ಷತ್ರ ಇಳಿಸಿದ ದಿನವೇ ಗಂಡ ಮುಂದಿನ ವರ್ಷದ ಕಾಗದ ಕತ್ತರಿಸಿ, ಪೇಪರಿನ ನಡುವೆ ಇಟ್ಟು, ಹಾಸಿಗೆಯ ಕೆಳಗೆ ಸೇರಿಸುತ್ತಿದ್ದ. ಈ ವರ್ಷದ್ದೂ ಅಲ್ಲೇ ಇತ್ತು. ಅವಳು ಅದರ ಮೇಲೇ ಮಲಗುತ್ತಿದ್ದಳು. ತೆಗೆದಳು. ಅಂಟು ಕಾಯಿಸಿ ಆರಿಸಿದಳು. ಮೊದಲನೇ ತುಂಡನ್ನು ತೋಳಿನ ಮೇಲಿಟ್ಟಳು.

ಕಾಗದ ಹೊರಗೆ ಚಾಚಿಕೊಂಡಿತು. ತಿರುಗಿಸಿ ಇಟ್ಟಳು. ಮತ್ತೂ ಹಾಗೇ. ಇನ್ನೊಂದು ತುಂಡು ತೆಗೆದಳು. ಎಲ್ಲ ಕಡೆಯೂ ಎರಡು ಬೆರಳಷ್ಟು ಜಾಸ್ತಿ.

ಅತ್ತೆ ಬಾಗಿಲಿಗೆ ಬಂದು ನೋಡಿದರು. "ಎಷ್ಟು ಗೇಣು ಹಿಡಿದೆ?"

"ಮೂರು."

"ಯಾರದ್ದು?"

ಕಾಜಕ್ಕ ತನ್ನ ಕೈ ನೋಡಿಕೊಂಡಳು. ಅವನ ಕೈ ಎಷ್ಟು ದೊಡ್ಡದಿತ್ತು ಎಂದು ಅವಳು ಯಾವತ್ತೂ ಅಳೆದು ನೋಡಿರಲಿಲ್ಲ. ಈಗ ಅಳತೆ ಸಿಕ್ಕಿತು. ಕಾಗದದ ಅಂಚಿನಲ್ಲಿ ಸುಮ್ಮನೆ ಬೆರಳಾಡಿಸುತ್ತ ಕೂತಳು. ಬಟ್ಟಲಲ್ಲಿ ಅಂಟು ಕೆನೆಗಟ್ಟಿತು.

"ದಿನಾ ಅಳತೆ ಮಧ್ಯೆ ಕೂತ್ಕೊಂಡು ಕೆಲಸ ಮಾಡೋಳು ನೀನು," ಎಂದರು ಅತ್ತೆ. "ಬೇರೆ ಬೆತ್ತ ಇದ್ಯಾ?"

"ಇಲ್ಲ. ಕೊಟ್ಬಿಟ್ಟೆ."

"ಮತ್ತೆ ಕಾಗದ ಕತ್ತರಿಸು."

"ಆಗಲ್ಲ."

"ಯಾಕೆ, ಕತ್ತರಿ ಇಲ್ವಾ?"

"ಅವರು ಕತ್ತರಿಸಿದ್ದು ಇದು. ಇದಕ್ಕೆ ನಾನು ಕತ್ತರಿ ಹಾಕಲ್ಲ."

ಅತ್ತೆ ಬಯ್ಯಲಿಲ್ಲ. ಹೊಸ್ತಿಲ ಮೇಲೆ ಕೂತರು, ಮಂಡಿ ನೀವಿಕೊಂಡರು. ಆ ಕಾಗದ ಕತ್ತರಿಸಿದವನು ಅವರ ಹೊಟ್ಟೆಯಲ್ಲಿ ಹುಟ್ಟಿದವನು. "ನಿಮ್ಮ ಅಂಗಡೀಲಿ ಅಂಗಿ ದೊಡ್ಡದಾದ್ರೆ ಏನ್ಮಾಡ್ತೀರಿ?" ಎಂದರು.

"ಒಳಗೆ ಮಡಚಿ ಹೊಲೀತೀವಿ."

"ಹ್ಞೂಂ, ಮತ್ತೆ? ಅದನ್ನೂ ನಾನೇ ಹೇಳಿಕೊಡ್ಲಾ?"

ಕಾಜಕ್ಕ ಅಂಟನ್ನು ಮತ್ತೆ ಬಿಸಿ ಮಾಡಿದಳು. ಒಂದೊಂದು ತುಂಡಿನ ಅಂಚನ್ನೂ ಉಗುರಿನಿಂದ ಗೀರಿ, ಒಳಕ್ಕೆ ಮಡಚಿ, ಅಂಟಿಸಿದಳು. ಪ್ಯಾಂಟಿನ ಕಾಲು ಮಡಚುವ ಹಾಗೆ. ಒಂದು ಚೂರನ್ನೂ ಕತ್ತರಿಸಲಿಲ್ಲ.

ಹಬ್ಬದ ಹಿಂದಿನ ಸಂಜೆ ನಕ್ಷತ್ರವನ್ನು ಬಾಗಿಲಿಗೆ ತೂಗುಹಾಕಿ ಬಲ್ಬು ಹೊತ್ತಿಸಿದಳು. ಆಗ ಗೊತ್ತಾಯಿತು. ಮಡಚಿದ ಕಡೆ ಕಾಗದ ದಪ್ಪವಾಗಿ ಬೆಳಕು ಹಾಯಲಿಲ್ಲ. ತೋಳುಗಳ ಅಂಚಿಗೆಲ್ಲ ಕಪ್ಪು ಪಟ್ಟೆ ಬಿದ್ದಿತ್ತು. ಇನ್ನು ಮಾಡುವುದೇನೂ ಇರಲಿಲ್ಲ. ಕುರ್ಚಿಯಿಂದ ಇಳಿದು ಕೈ ತೊಳೆಯಲು ಹೊರಟಳು. ಅಷ್ಟರಲ್ಲಿ ಮೈದುನ, ಅತ್ತಿಗೆಯಿಂದ ಆಗಿರಲಾರದು ಎಂದುಕೊಂಡು, ತಾಯಿಯನ್ನು ಊಟಕ್ಕೆ ಕರೆದುಕೊಂಡು ಹೋಗಲು ಬಂದ.

"ಇದೇನತ್ತಿಗೆ, ನಕ್ಷತ್ರಕ್ಕೆ ಪಟ್ಟೆ ಪೈಜಾಮ ತೊಡಿಸಿದ್ದೀರಾ?" ಎಂದ. ಆಮೇಲೆ ನಗು ತಡೆಯಲಾರದೆ ನಕ್ಕ. "ಸಣ್ಣದೂ ಆಗಿದೆ."

"ಕಟ್ಟಿದೋಳ ಕೈ ಇರೋದೇ ಅಷ್ಟು," ಎಂದರು ಅತ್ತೆ. ಕುರಿಗಳ ಡಬ್ಬಿ ಮಡಿಲಲ್ಲಿತ್ತು. ಎದ್ದೇಳುವ ಲಕ್ಷಣ ಇರಲಿಲ್ಲ. "ಹೋಗು, ನಿನ್ನ ಹೆಂಡ್ತಿಗೆ ಹೇಳು. ಅಡುಗೆ ಇಲ್ಲಿಗೆ ಬರಲಿ."

"ಅಮ್ಮಾ, ಅಲ್ಲಿ ಮೇಜಿನ ಮೇಲೆ ಇಟ್ಟಾಗಿದೆ ಎಲ್ಲಾ!"

"ಮೇಜಿಂದ ಎತ್ತಕ್ಕೆ ಬರಲ್ವಾ?"

"ಇಂಥ ನಕ್ಷತ್ರ ನೋಡಿ ಜನ ನಗ್ತಾರೆ."

"ನೀನು ಆಗ್ಲೇ ನಕ್ಕಾಯ್ತಲ್ಲ. ಬೇರೆಯವರ ಪಾಲೂ ಸೇರಿಸಿ ನಕ್ಕುಬಿಡು, ಮುಗೀತು."

ಅವನು ಅತ್ತಿಗೆಯ ಕಡೆ ನೋಡಿದ. ಬೇಡ, ಅಲ್ಲೇ ಆಗಲಿ ಎಂದು ಅವಳು ಹೇಳಿಯಾಳು ಎಂದು ಕಾದ.

"ಒಳಗೆ ಬನ್ನಿ," ಎಂದಳು. "ಮೇಜು ಗೋಡೆಯಿಂದ ಈಚೆ ಎಳೀಬೇಕು. ನನ್ನೊಬ್ಬಳ ಕೈಲಾಗಲ್ಲ."

ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ಮೇಜಿನ ಒಂದು ತುದಿ ಹಿಡಿದ.

ಎಳೆದಿಟ್ಟು ಹಿಂದಿನ ಬೀದಿಗೆ ಹೋದವನು ಹೆಂಡತಿಯ ಜೊತೆ ತಿರುಗಿ ಬಂದ. ವಾರಗಿತ್ತಿಯ ಕೈಯಲ್ಲಿ ದೊಡ್ಡ ಪಾತ್ರೆ. ಮುಖ ಬಿಗಿದಿತ್ತು. ಬಾಗಿಲಲ್ಲಿ ಒಂದು ಸಲ ತಲೆಯೆತ್ತಿ ನಕ್ಷತ್ರ ನೋಡಿದಳು.

"ಅಕ್ಕಾ, ಕೈ ಸುಡ್ತಿದೆ. ಎಲ್ಲಿಡ್ಲಿ?"

"ಒಲೆ ಮೇಲಿಡು. ತಟ್ಟೆ ಕಪಾಟಲ್ಲಿವೆ, ತಕ್ಕೋ."

ವಾರಗಿತ್ತಿ ಕಪಾಟಿನ ಕಡೆ ಹೋದಳು. ಕಾಜಕ್ಕ ಪಾತ್ರೆಯ ಮುಚ್ಚಳ ತೆಗೆದು ರುಚಿ ನೋಡಿದಳು. ಉಪ್ಪು ಸಾಲದು. ಯಾರನ್ನೂ ಕೇಳಲಿಲ್ಲ. ಹಾಕಿದಳು.