ಟಿಕೆಟ್ ಅಕ್ಕ ಹಡಗು ಹತ್ತಿದ್ದು

ಬಸ್ ನಿಲ್ದಾಣದ ಎದುರು, ಕನ್ನಡಕದ ಅಂಗಡಿಗೂ ಬೀಗದ ಕೈ ಮಾಡಿಕೊಡುವವನ ಗೂಡಿಗೂ ನಡುವೆ, ಒಂದು ಪುಟ್ಟ ಪ್ರವಾಸದ ಕಚೇರಿಯಿತ್ತು. ಒಂದು ಮೇಜು, ಗಿರಾಕಿಗಳಿಗೆ ನಾಲ್ಕು ಕುರ್ಚಿ, ಗೋಡೆ ತುಂಬ ಬಿಳಿ ಹಡಗುಗಳ ಚಿತ್ರ. ಅದನ್ನು ನಡೆಸುತ್ತಿದ್ದವಳನ್ನು ಆ ಬೀದಿಯವರೆಲ್ಲ ಟಿಕೆಟ್ ಅಕ್ಕ ಎಂದೇ ಕರೆಯುತ್ತಿದ್ದರು. ಸಂಸಾರ ಸಮೇತ ಹಡಗಿನಲ್ಲಿ ರಜೆ ಕಳೆಯಬೇಕೆನ್ನುವವರಿಗೆ ಅವಳೇ ಗತಿ. ತಾನು ಮಾತ್ರ ಒಮ್ಮೆಯೂ ಹಡಗು ಹತ್ತಿರಲಿಲ್ಲ. ಹೋಗಿ ಬಂದವರು ಹೇಳಿಕೊಂಡ ಗೋಳನ್ನೆಲ್ಲ ಕಿವಿಗೊಟ್ಟು ಕೇಳಿ, ಮುಂದಿನವರಿಗೆ ಬುದ್ಧಿಮಾತಾಗಿ ದಾಟಿಸುತ್ತಿದ್ದಳು.

"ಹಡಗಿನ ಮೂತಿ ಕಡೆ ರೂಮು ಬೇಡ, ತಲೆ ಗಿರ್ರ್ ಅನ್ನುತ್ತೆ. ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ತಗೊಳ್ಳಿ. ದೊಡ್ಡ ಸೂಟ್‌ಕೇಸು ಹತ್ತೋವಾಗ ಕೊಟ್ಟರೆ ಸಂಜೆ ತನಕ ಕೈಗೆ ಸಿಗಲ್ಲ. ಮಾತ್ರೆ, ಈಜೋ ಬಟ್ಟೆ, ಒಂದು ಜೊತೆ ಬದಲಿ ಬಟ್ಟೆ ಕೈಚೀಲದಲ್ಲೇ ಇರಲಿ. ಮತ್ತೆ, ಇಪ್ಪತ್ನಾಲ್ಕು ಗಂಟೆ ಎಲ್ಲರೂ ಒಟ್ಟಿಗೇ ಇರಬೇಕು ಅಂತ ಹಟ ಹಿಡೀಬೇಡಿ. ಜಗಳ ಆಗೇ ಆಗುತ್ತೆ. ಒಂದು ಹೊತ್ತಿನ ಊಟಕ್ಕೆ ಸೇರಿದ್ರೆ ಸಾಕು."

ಕೊನೆಗೆ ಧ್ವನಿ ತಗ್ಗಿಸಿ, "ಯಾರಿಗಾದ್ರೂ ವಾಂತಿ-ಭೇದಿ ಶುರುವಾದ್ರೆ ಮುಚ್ಚಿಡಬೇಡಿ. ಹಡಗಿನ ಡಾಕ್ಟರಿಗೆ ಹೇಳಿಬಿಡಿ. ಊಟದ ಹಾಲಿನ ಬಾಗಿಲಲ್ಲಿ ಕೈಗೆ ಬಾಟಲಿಯಿಂದ ಸ್ಯಾನಿಟೈಸರ್ ಪಿಚಕ್ಕನೆ ಹಾಕ್ತಾರಲ್ಲ, ಅದನ್ನ ನಂಬಬೇಡಿ. ಸೋಪು ಹಾಕಿ ಕೈ ತೊಳೀರಿ," ಎನ್ನುವಳು.

ಟಿಕೆಟ್ ಅಕ್ಕನಿಗೆ ಹೇಸಿಗೆ ಬೇಗ. ಬೆರಳಿಗೆ ಎಂಜಲು ಹಚ್ಚಿ ಹಾಳೆ ಮಗುಚುವ ಗಿರಾಕಿ ಬಂದುಹೋದರೆ, ಅವನು ಮೆಟ್ಟಿಲಿಳಿಯುವ ಮುನ್ನ ಅವಳ ಕೈಯಲ್ಲಿ ಒರೆಸುವ ಬಟ್ಟೆ ಇರುತ್ತಿತ್ತು. ಮಗಳು ಕಚ್ಚಿಟ್ಟ ಹಣ್ಣನ್ನೂ ಅವಳು ಬಾಯಿಗಿಡುತ್ತಿರಲಿಲ್ಲ. ಇದಕ್ಕಾಗಿ ಮನೆಯಲ್ಲಿ ಎಲ್ಲರೂ ಅವಳನ್ನು ಆಡಿಕೊಳ್ಳುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಆಡಿಕೊಳ್ಳುತ್ತಿದ್ದವನು ಗಂಡನ ಅಣ್ಣ.

ಆ ಬಾವನದು ಭಾರೀ ಅಂಗಡಿ. ನಲ್ಲಿ, ವಾಶ್‌ಬೇಸಿನ್ನು, ಕಮೋಡುಗಳ ವ್ಯಾಪಾರ. ಊರಿಗೆಲ್ಲ ಕೈ ತೊಳೆಯುವ ಸಾಮಾನು ಮಾರುವ ಮನುಷ್ಯ, ತಾನು ಕೈ ತೊಳೆದದ್ದನ್ನು ಕಂಡವರು ಕಡಿಮೆ. ಶೌಚಕ್ಕೆ ಹೋಗಿ ಬಂದವನೇ ಪ್ಯಾಂಟಿಗೆ ಎರಡು ಸಲ ಅಂಗೈ ಉಜ್ಜಿದರೆ ಮುಗಿಯಿತು. ಟಿಕೆಟ್ ಅಕ್ಕನ ಗಂಡ ಲಿಫ್ಟ್ ರಿಪೇರಿಯವನು. ಎಷ್ಟೋ ಕಟ್ಟಡಗಳ ಲಿಫ್ಟನ್ನು ಮೇಲಕ್ಕೆತ್ತಿದವನ ಧ್ವನಿ ಅಣ್ಣನ ಮುಂದೆ ಮಾತ್ರ ನೆಲಮಹಡಿ ಬಿಟ್ಟು ಏಳುತ್ತಿರಲಿಲ್ಲ.

ಅತ್ತೆಗೆ ಎಪ್ಪತ್ತೈದು ತುಂಬುವುದಿತ್ತು. ಏನು ಬೇಕಮ್ಮಾ ಎಂದು ಮಕ್ಕಳು ಕೇಳಿದಾಗ ಆ ಮುದುಕಿ, "ಎಲ್ಲರನ್ನೂ ಹಡಗಿಗೆ ಕಳಿಸ್ತಾಳಲ್ಲ ನನ್ನ ಸೊಸೆ, ನನ್ನನ್ನೂ ಕಳಿಸಲಿ. ಸುತ್ತ ನೀರೇ ನೀರು ಇರೋದನ್ನ ಒಂದ್ಸಲ ನೋಡ್ಬೇಕು," ಎಂದಳು. ಹಾಗೆ ಆರು ಜನರ ಪ್ರವಾಸ ಗೊತ್ತಾಯಿತು: ಅತ್ತೆ, ಬಾವ, ಓರಗಿತ್ತಿ, ಟಿಕೆಟ್ ಅಕ್ಕ, ಅವಳ ಗಂಡ, ಹನ್ನೆರಡು ವರ್ಷದ ಮಗಳು.

ಹೇಸಿಗೆ ಕಚೇರಿಯ ಮೇಜಿನಿಂದಲೇ ಶುರುವಾಯಿತು. ಬಾವ ಹಡಗಿನ ನಕ್ಷೆ ಹರವಿಕೊಂಡು, ತುತ್ತತುದಿಯ ಬಾಲ್ಕನಿ ಕೋಣೆಯ ಮೇಲೆ ದಪ್ಪ ಬೆರಳಿಟ್ಟ. "ಇದು ನಮಗೆ. ಅಮ್ಮಂಗೆ ಒಳಗಡೆ ಕಿಟಕಿ ಇಲ್ಲದ್ದು ಸಾಕು. ವಯಸ್ಸಾದೋರು, ಮಲಗೋದೇ ತಾನೆ?"

"ಬಾವ, ಹಡಗು ಹತ್ತೋದೇ ಅತ್ತೆ ಸಮುದ್ರ ನೋಡ್ಲಿ ಅಂತ. ನಡುಭಾಗದಲ್ಲಿ, ಲಿಫ್ಟಿನ ಹತ್ರ, ಕಿಟಕಿ ಇರೋ ರೂಮು ಅತ್ತೆಗೆ. ನಿಮಗೆ ತುದೀದೇ ಬೇಕಿದ್ರೆ ತಗೊಳ್ಳಿ, ತೂಗಾಡಿದ್ರೆ ನನ್ನ ಕೇಳ್ಬೇಡಿ."

ಬಾವ ನಕ್ಕು, ಹಲ್ಲುಸಂದಿಯಿಂದ ಏನನ್ನೋ ಕೆದಕಿ ತೆಗೆದು ಮೇಜಿನಡಿಗೆ ಒರೆಸಿದ. ಅವಳು ಅದನ್ನೂ ನೋಡಿದಳು.

ಹಡಗು ಹತ್ತಿದ ದಿನ ಅವಳು ಹೇಳಿದ್ದೇ ನಡೆಯಿತು. ಓರಗಿತ್ತಿ ಬಟ್ಟೆ, ಮಾತ್ರೆ, ಬಾಚಣಿಗೆ ಎಲ್ಲವನ್ನೂ ದೊಡ್ಡ ಸೂಟ್‌ಕೇಸಿಗೆ ತುರುಕಿ ಬಂದರಿನಲ್ಲೇ ಒಪ್ಪಿಸಿದ್ದಳು. ಬೆವರಿದ ಸೀರೆಯಲ್ಲೇ ಸಂಜೆ ತನಕ ಕುಳಿತು, "ಇದನ್ನೆಲ್ಲ ಮೊದಲೇ ಹೇಳ್ಬಾರದಿತ್ತಾ?" ಎಂದಳು. ಟಿಕೆಟ್ ಅಕ್ಕ ಅದನ್ನು ಮೂರು ಸಲ ಹೇಳಿದ್ದಳು.

ಊಟದ ಹಜಾರ ಕಂಡಾಗ ಮಾತ್ರ ಟಿಕೆಟ್ ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. ಇಷ್ಟು ವರ್ಷ ತಾನು ಹೊಗಳಿ ಹೊಗಳಿ ಮಾರಿದ್ದು ಇದನ್ನೇ ಏನು? ಉದ್ದುದ್ದ ಮೇಜುಗಳ ಮೇಲೆ ಗುಡ್ಡೆ ಗುಡ್ಡೆ ಅನ್ನ, ಮಾಂಸ, ಹಣ್ಣು, ಕೆನೆಯ ಸಿಹಿ. ಎಂದೂ ಉಂಡೇ ಇಲ್ಲವೇನೋ ಎಂಬಂತೆ ಜನ ಮುಗಿಬಿದ್ದಿದ್ದರು. ಒಬ್ಬ ಚಮಚವಿದ್ದರೂ ಕೈ ಹಾಕಿ ಮೀನು ಎತ್ತಿದ. ಒಬ್ಬಾಕೆ ಬ್ರೆಡ್ಡುಗಳನ್ನು ಒಂದೊಂದಾಗಿ ಹಿಚುಕಿ ನೋಡಿ ತಿರುಗಿ ಇಟ್ಟಳು. ಕಲ್ಲಂಗಡಿ ಹೋಳುಗಳ ಮೇಲೆ ಯಾರದೋ ಸಾರು ಚೆಲ್ಲಿ ಎಣ್ಣೆಯ ಪೊರೆ ಕಟ್ಟಿತ್ತು. ಬಾವ ಎರಡು ಕೈಗೂ ತಟ್ಟೆ ಹಿಡಿದು, ಮಾಂಸದ ಮೇಲೆ ಸಿಹಿ, ಸಿಹಿಯ ಮೇಲೆ ಮೊಟ್ಟೆ ಪೇರಿಸಿ ತಂದ. ಕಾಲುಭಾಗ ತಿಂದು, ಮಿಕ್ಕದ್ದರೊಳಗೆ ಮೂಗು ಒರೆಸಿದ ಕಾಗದ ಅದ್ದಿ, ತಟ್ಟೆ ದೂಡಿದ.

"ಅಷ್ಟೊಂದು ಯಾಕೆ ಹಾಕ್ಕೊಂಡ್ರಿ ಬಾವ?"

"ಏ, ತಿನ್ನೋಕೆ ಬಂದಿರೋದು ಕಣಮ್ಮಾ. ಎತ್ತೋಕೆ ಅವರಿದ್ದಾರೆ."

ಮಧ್ಯಾಹ್ನದ ಹೊತ್ತಿಗೆ ಈಜುಕೊಳದಲ್ಲಿ ನೀರಿಗಿಂತ ಜನವೇ ಹೆಚ್ಚಿದ್ದರು. ಅಂಚಿನಲ್ಲಿ ಅರ್ಧ ಕಡಿದ ಮೂಳೆ, ಕರಗಿದ ಐಸ್‌ಕ್ರೀಮು ಬಿದ್ದಿದ್ದವು; ನೀರಿನಲ್ಲಿ ಯಾರದೋ ಕಾಲಿನ ಗಾಯದ ಪಟ್ಟಿ ತೇಲುತ್ತಿತ್ತು. ಮಗಳು ಬಗ್ಗಿ ನೋಡಿ, "ಅಮ್ಮಾ, ನಾನು ಇಳಿಯಲ್ಲ," ಎಂದಳು. ಅಮ್ಮನ ಮಗಳೇ ಸರಿ.

ಆದರೂ ಅತ್ತೆಯ ಸಂತೋಷಕ್ಕೆ ಕುಂದು ತರಬಾರದೆಂದು ಟಿಕೆಟ್ ಅಕ್ಕ, ಎಲ್ಲರೂ ಒಟ್ಟಿಗೇ ಇರಬೇಕಿಲ್ಲ ಎಂಬ ತನ್ನ ಬುದ್ಧಿಮಾತನ್ನು ತನಗೇ ಹೇಳಿಕೊಂಡಳು. ಮುಂಜಾನೆ ಬೇಗ ಎದ್ದು, ಉಳಿದವರು ಗೊರಕೆ ಹೊಡೆಯುವಾಗ, ಅತ್ತೆಯನ್ನೂ ಮಗಳನ್ನೂ ಮೇಲಂತಸ್ತಿಗೆ ಕರೆದೊಯ್ದಳು. ಖಾಲಿ ಕುರ್ಚಿ, ತೊಳೆದ ನೆಲ, ಬೆಚ್ಚಗಿನ ಗಾಳಿ. ಹಡಗು ಬಂದರಿಗೆ ನಿಂತು ಜನವೆಲ್ಲ ಊರು ನೋಡಲು ಇಳಿದ ದಿನ, ಇವರು ಮೂವರೇ ಹಡಗಿನಲ್ಲಿ ಉಳಿದು, ಆಗಷ್ಟೇ ನೀರು ಬದಲಿಸಿದ ಕೊಳದಲ್ಲಿ ಕಾಲು ಇಳಿಬಿಟ್ಟು ಕುಳಿತರು. ಅತ್ತೆ ಸೀರೆ ಮೊಣಕಾಲಿಗೆತ್ತಿಕೊಂಡು ಕಾಲಾಡಿಸುತ್ತ, "ನೋಡು, ಕೊನೆಯೇ ಇಲ್ಲ ಈ ನೀರಿಗೆ," ಎಂದಳು. ಇಡೀ ಪ್ರವಾಸದಲ್ಲಿ ಟಿಕೆಟ್ ಅಕ್ಕ ಮನಸಾರೆ ಅನುಭವಿಸಿದ್ದು ಅಷ್ಟೇ.

ಅತ್ತೆಯ ಹುಟ್ಟುಹಬ್ಬದ ಬೆಳಿಗ್ಗೆ ತಿಂಡಿಗೆ ಕರೆಯಲೆಂದು ಅವಳು ಬಾವನ ಕೋಣೆಯ ಬಾಗಿಲು ತಟ್ಟಿದಳು. ಓರಗಿತ್ತಿ ಬೆರಳಗಲ ತೆರೆದಳು. ಆ ಸಂದಿಯಿಂದ ಬಂದ ಹುಳಿ ನಾತಕ್ಕೆ ಟಿಕೆಟ್ ಅಕ್ಕ ಎರಡು ಹೆಜ್ಜೆ ಹಿಂದೆ ಸರಿದಳು. ಒಳಗೆ ಬಾವ ಮಂಚದ ಅಂಚಿಗೆ ಬೂದಿ ಬಣ್ಣದ ಮುಖ ಹೊತ್ತು ಕುಳಿತಿದ್ದ. ನೆಲದ ಹಾಸು ಒದ್ದೆಯಾಗಿತ್ತು.

"ಅಕ್ಕಾ, ಬಾವನಿಗೆ ವಾಂತಿ ಆಯ್ತಾ?"

"ಏನಿಲ್ಲಮ್ಮಾ, ಸಮುದ್ರದ ತಲೆಸುತ್ತು."

ಸಮುದ್ರ ತಟ್ಟೆಯಲ್ಲಿಟ್ಟ ನೀರಿನ ಹಾಗೆ ಅಲುಗದೆ ಮಲಗಿತ್ತು.

"ಭೇದಿಯೂ ಆಗಿದ್ಯಾ?"

ಒಳಗಿಂದ ಬಾವ ಗುರುಗುಟ್ಟಿದ. "ಡಾಕ್ಟರು ಗೀಕ್ಟರು ಅಂತ ಶುರು ಮಾಡ್ಬೇಡ. ಹೇಳಿದ್ರೆ ರೂಮಲ್ಲಿ ಕೂಡಿಹಾಕ್ತಾರೆ. ಇವತ್ತು ಅಮ್ಮನ ಕೇಕು, ಫೋಟೋ, ಎಲ್ಲ ಇದೆ. ಮಾತ್ರೆ ನುಂಗಿದ್ದೀನಿ, ನಿಂತಿದೆ."

ಅಷ್ಟರಲ್ಲಿ ಓರಗಿತ್ತಿ, ಗಂಡ ಕಕ್ಕಿದ್ದನ್ನು ಬಳಿದ ಟವೆಲುಗಳನ್ನು ಉಂಡೆ ಕಟ್ಟಿ ತಂದು, ಓಣಿಯಲ್ಲಿ ನಿಂತಿದ್ದ ಕೆಲಸದವನ ತಳ್ಳುಗಾಡಿಯಲ್ಲಿ ಬೇರೆ ಬಟ್ಟೆಗಳ ಅಡಿಗೆ ತೂರಿಸಿದಳು. ಕೋಣೆಗಳನ್ನು ಗುಡಿಸಿ ಒರೆಸುವ ಆ ನಡುವಯಸ್ಸಿನವನು ಪಕ್ಕದ ಕೋಣೆಯಲ್ಲಿ ಹಾಸಿಗೆ ಕೊಡವುತ್ತಿದ್ದ. ಅವನು ಬರಿಗೈಯಲ್ಲೇ ಅದನ್ನೆಲ್ಲ ಬಾಚಿ ಎತ್ತುತ್ತಾನೆಂಬುದು ಟಿಕೆಟ್ ಅಕ್ಕನಿಗೆ ಹೊಳೆಯಿತು. "ಅಕ್ಕಾ, ಅವನಿಗಾದ್ರೂ ಹೇಳಿ!" ಎಂದಳು. ಓರಗಿತ್ತಿ ಬಾಗಿಲು ಹಾಕಿಕೊಂಡಳು. ಟಿಕೆಟ್ ಅಕ್ಕ ತಾನೇ ಆ ಮನುಷ್ಯನನ್ನು ಕರೆದು, ಗಾಡಿಯ ಕಡೆ ಬೆರಳು ಮಾಡಿ, ಕೈಗವಸು ಹಾಕಿಕೊಳ್ಳಲು ಹೇಳಿದಳು. ಅವನು ತಲೆಯಾಡಿಸಿದ. ಆದರೆ ಅದಕ್ಕೂ ಮುಂಚೆ ಓರಗಿತ್ತಿ ಹೀಗೇ ತೂರಿಸಿದ್ದ ಒಂದು ಕಂತು ಟವೆಲು ಆಗಲೇ ಅವನ ಕೈ ದಾಟಿ ಹೋಗಿತ್ತು.

ಗಂಡನ ಹತ್ತಿರ ಓಡಿದಳು. "ರೀ, ನಿಮ್ಮಣ್ಣನಿಗೆ ಹೇಳಿ. ಇದು ಅಂಟುರೋಗ."

ಗಂಡ ಬೂಟಿನ ದಾರ ಕಟ್ಟುತ್ತಲೇ ಇದ್ದ. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದ. "ಇವತ್ತೊಂದು ದಿನ ಕಳೀಲಿ ಬಿಡು. ಅಮ್ಮನ ಹುಟ್ಟುಹಬ್ಬ. ಅಣ್ಣ ಬೇಜಾರು ಮಾಡ್ಕೋತಾನೆ."

ಬಾವನ ಮೇಲಿದ್ದ ಹೇಸಿಗೆ ಆ ಕ್ಷಣ ಗಂಡನ ಮೇಲೂ ಸ್ವಲ್ಪ ಸಿಡಿಯಿತು. ಹುಟ್ಟುಹಬ್ಬ ಎಂಬ ಮಾತಿಗೆ ಕಟ್ಟುಬಿದ್ದು ಅವಳೂ ಮಧ್ಯಾಹ್ನದ ತನಕ ಸುಮ್ಮನಿದ್ದಳು. ಬಾವ ಹೇಗೂ ಮಂಚ ಬಿಟ್ಟು ಏಳಲಾರ ಎಂದುಕೊಂಡಿದ್ದಳು.

ಅವನು ಎದ್ದ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಘಮಘಮ ಸೆಂಟು ಸುರಿದುಕೊಂಡು ಊಟದ ಹಜಾರಕ್ಕೆ ಬಂದ. ನಡುವೆ ಒಮ್ಮೆ ಹೊಟ್ಟೆ ಹಿಡಿದುಕೊಂಡು ಶೌಚಾಲಯಕ್ಕೆ ಓಡಿಹೋಗಿ, ಹೋದಷ್ಟೇ ಬೇಗ ವಾಪಸು ಬಂದ. ಅಂಗೈಯನ್ನು ಪ್ಯಾಂಟಿಗೆ ಉಜ್ಜಿದ. ಹಜಾರದ ಕೆಲಸದವರು ಚಪ್ಪಾಳೆ ತಟ್ಟುತ್ತ ಕೇಕು ತಂದಿಟ್ಟರು. ಅತ್ತೆ ಮಗುವಿನಂತೆ ನಾಚಿಕೊಂಡು ಕತ್ತರಿಸಿದಳು. "ಮೊದಲ ತುತ್ತು ಹಿರೀ ಮಗಂದು!" ಎಂದು ಬಾವ ಬರಿಗೈಯಲ್ಲಿ ದೊಡ್ಡ ತುಂಡು ಕಿತ್ತು ತಾಯಿಯ ಬಾಯಿಗೆ ಹಿಡಿದ.

"ಬಾವ, ಬೇಡ! ಅತ್ತೆ, ತಿನ್ನಬೇಡಿ!"

ಟಿಕೆಟ್ ಅಕ್ಕ ಮೇಜು ಬಳಸಿ ಹೋಗುವಷ್ಟರಲ್ಲಿ ತುಂಡು ಒಳಗೆ ಹೋಗಿತ್ತು. ಬಾವನ ಬೆರಳುಗಳು ಅತ್ತೆಯ ತುಟಿಯ ಮೇಲಿದ್ದವು, ಕೆನೆ ಗಲ್ಲಕ್ಕೆ ಇಳಿಯುತ್ತಿತ್ತು, ಓರಗಿತ್ತಿ ಫೋಟೋ ತೆಗೆಯುತ್ತಿದ್ದಳು. ಆಮೇಲೆ ಬಾವ ಅದೇ ಬೆರಳನ್ನು ನೆಕ್ಕಿ, ಅದೇ ಕೈಯಿಂದ ಎಲ್ಲರೂ ಬಳಸುವ ಅನ್ನದ ಸೌಟು ಹಿಡಿದ.

ಟಿಕೆಟ್ ಅಕ್ಕ ಯಾರಿಗೂ ಏನೂ ಹೇಳದೆ ಎದ್ದಳು. ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ತಳದ ಅಂತಸ್ತಿನ ದವಾಖಾನೆಗೆ ಹೋದಳು. ನರ್ಸಮ್ಮನ ಮುಂದೆ ನಿಂತು, ಕೋಣೆಯ ನಂಬರು ಹೇಳಿ, "ನಮ್ಮ ಬಾವನಿಗೆ ಬೆಳಗಿಂದ ವಾಂತಿ-ಭೇದಿ. ಮುಚ್ಚಿಟ್ಟಿದ್ದಾರೆ. ಈಗ ಮೇಲೆ ಊಟದ ಸೌಟು ಮುಟ್ತಿದ್ದಾರೆ," ಎಂದಳು.

ಐದು ನಿಮಿಷದಲ್ಲಿ ಕೈಗವಸು, ಮುಖಗವಸು ತೊಟ್ಟ ಇಬ್ಬರು ಹಜಾರಕ್ಕೆ ಬಂದರು. ಆ ಸಾಲಿನ ಅಡುಗೆಯನ್ನೆಲ್ಲ ಎತ್ತಿ ಸುರಿದರು. ಜನ ತಿರುತಿರುಗಿ ನೋಡುತ್ತಿರಲು ಬಾವನನ್ನೂ ಓರಗಿತ್ತಿಯನ್ನೂ ಕೋಣೆಗೆ ನಡೆಸಿಕೊಂಡು ಹೋದರು.

"ಮನೆ ಮರ್ಯಾದೆ ತೆಗೆದೆಯಲ್ಲೇ!" ಎಂದ ಬಾವ.

"ಮರ್ಯಾದೆ ಬೆಳಿಗ್ಗೆ ಟವೆಲಿನಲ್ಲಿ ಸುತ್ತಿ ಗಾಡಿಗೆ ಹಾಕಿದ್ರಲ್ಲ ಬಾವ," ಎಂದಳು ಅವಳು.

ಎರಡನೆಯ ದಿನಕ್ಕೆ ಅತ್ತೆಯೂ ಅದೇ ಕಾಯಿಲೆಯಿಂದ ಮಲಗಿದಳು. ಟಿಕೆಟ್ ಅಕ್ಕ ಗಂಡನನ್ನೂ ಮಗಳನ್ನೂ ಬೇರೆ ಕೋಣೆಯಲ್ಲೇ ಇರಹೇಳಿ, ತಾನು ಅತ್ತೆಯ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಮಗಳ ಎಂಜಲನ್ನೂ ಮುಟ್ಟದವಳು ಅತ್ತೆ ಕಕ್ಕಿದ್ದನ್ನು ಬಳಿದಳು, ಮಲ ತೊಳೆದಳು, ಸೀರೆ ಬದಲಿಸಿದಳು. ಹೇಸಿಗೆಯೇನೂ ಬಿಟ್ಟುಹೋಗಲಿಲ್ಲ, ಪ್ರತಿಸಲವೂ ಗಂಟಲಿಗೆ ಬಂದದ್ದನ್ನು ನುಂಗಿಕೊಂಡೇ ಮಾಡಿದಳು. ಡಾಕ್ಟರು ಕೊಟ್ಟ ಉಪ್ಪು-ಸಕ್ಕರೆ ನೀರನ್ನು ಚಮಚ ಚಮಚವಾಗಿ ಕುಡಿಸಿದಳು.

ಕೊಂಚ ಚೇತರಿಸಿಕೊಂಡ ಮೇಲೆ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಳು. "ನೀನು ಬೇಡ ಅಂತ ಕೂಗಿದ್ದು ನನಗೆ ಕೇಳಿಸ್ತು ಕಣೇ."

"ಮತ್ತೆ ಯಾಕೆ ತಿಂದ್ರಿ ಅತ್ತೆ?"

"ಅವನ ಕೈ ನಾತ ಹೊಡೀತಿತ್ತು. ಸೆಂಟಿನ ಅಡಿಯಿಂದ ಬರ್ತಿತ್ತು. ಮಗ ಅಲ್ವಾ, ಎಲ್ಲರ ಎದುರಿಗೆ ಹೇಗೆ ಬೇಡ ಅನ್ನಲಿ? ನುಂಗಿಬಿಟ್ಟೆ."

ಟಿಕೆಟ್ ಅಕ್ಕನಿಗೆ ಈ ಪ್ರವಾಸದಲ್ಲಿ ಕಂಡ ಎಲ್ಲಕ್ಕಿಂತ ಆ ಮಾತೇ ಅಸಹ್ಯವಾಗಿ ಕೇಳಿಸಿತು. ಮುದುಕಿಯ ಮೇಲೆ ಸಿಟ್ಟು ಬಂತು, ಕಣ್ಣಲ್ಲಿ ನೀರೂ ಬಂತು. ಎದ್ದು ಹೋಗಿ ಸೋಪು ಹಾಕಿ ಕೈ ತೊಳೆದುಕೊಂಡಳು.

ಇಳಿಯುವ ದಿನ ಇನ್ನೊಂದು ನಡೆಯಿತು. ಕೋಣೆ ಗುಡಿಸುತ್ತಿದ್ದವನ ಬದಲು ಬೇರೆಯವನು ಬರತೊಡಗಿದ್ದ. ಮೊದಲಿನವನು ಕೆಳಗೆ ಕಾಯಿಲೆ ಮಲಗಿದ್ದಾನೆಂದು ತಿಳಿಯಿತು. ಬಾವ ಹಡಗಿನ ವಿಚಾರಣೆಯ ಕೌಂಟರಿಗೆ ಹೋಗಿ, "ಆ ಕೆಲಸದವನಿಂದಲೇ ನಮಗೆ ರೋಗ ಬಂತು. ಅವನ ಮೇಲೆ ಕ್ರಮ ತಗೊಳ್ಳಿ. ಬೇಕಿದ್ರೆ ನಮ್ಮ ಏಜೆಂಟನ್ನೇ ಕೇಳಿ," ಎಂದು ಅವಳ ಕಡೆ ಕೈ ತೋರಿಸಿದ.

ಅವಳು ಮುಂದೆ ಬಂದಳು. ಗಂಡ ಅವಳ ತೋಳು ಹಿಡಿದ, ಬಿಡಿಸಿಕೊಂಡಳು. "ಮೊದಲು ಕಾಯಿಲೆ ಬಿದ್ದೋರು ಇವರು. ಹೊಲಸು ಟವೆಲುಗಳನ್ನ ಹೇಳದೆ ಕೇಳದೆ ಅವರ ಗಾಡಿಗೆ ಹಾಕಿದ್ದು ನಮ್ಮ ಮನೆಯೋರು. ನಾನೇ ನೋಡಿದ್ದೀನಿ. ಆ ಮನುಷ್ಯನದು ಏನೂ ತಪ್ಪಿಲ್ಲ."

ಕೌಂಟರಿನ ಹಿಂದಿದ್ದ ಹೆಂಗಸು ಬಾವನ ಮುಖ ನೋಡಿದಳು. ಬಾವ ಸೂಟ್‌ಕೇಸು ಎಳೆದುಕೊಂಡು ಹೊರಟ.

ಊರಿಗೆ ಬಂದ ಮೇಲೆ ನೆಂಟರಿಷ್ಟರ ಮುಂದೆ ಬಾವ ಹೇಳಿದ್ದು ಬೇರೆಯೇ ಕಥೆ: ಹಡಗಿನ ಊಟ ಹಳಸಿತ್ತು, ತಮ್ಮನ ಹೆಂಡತಿ ಹೊಟ್ಟೆಕಿಚ್ಚಿಗೆ ತನ್ನನ್ನೂ ಹೆಂಡತಿಯನ್ನೂ ಜೈಲಿಗೆ ಹಾಕಿಸಿದಂತೆ ಕೂಡಿಹಾಕಿಸಿದಳು. ಕೆಲವರು ನಂಬಿದರು. ಓರಗಿತ್ತಿ ಮಾತು ಬಿಟ್ಟಳು. ಗಂಡ ಬಹಳ ದಿನ ತಲೆ ತಗ್ಗಿಸಿಕೊಂಡೇ ಉಂಡ; ಒಂದು ಸಂಜೆ ತಟ್ಟೆ ಎತ್ತಿಡುತ್ತ, "ಅವತ್ತು ಬೆಳಿಗ್ಗೆ ನಾನೇ ಹೇಳ್ಬೇಕಿತ್ತು," ಎಂದ. ಅವಳು, "ಹೌದು," ಎಂದಳು.

ಕಚೇರಿಯಲ್ಲಿ ಈಗ ದೊಡ್ಡ ಸಂಸಾರ ಬಂದು ಕುಳಿತರೆ, ಕೋಣೆ, ಬಾಲ್ಕನಿ, ಕೈಚೀಲದ ಮಾತಿಗೂ ಮೊದಲು ಅವಳು ಒಂದು ಪ್ರಶ್ನೆ ಕೇಳುತ್ತಾಳೆ. "ನಿಮ್ಮಲ್ಲಿ ಯಾರಿಗಾದ್ರೂ ವಾಂತಿ ಆದ್ರೆ ಡಾಕ್ಟರಿಗೆ ಹೇಳೋರು ಯಾರು? ಈಗಲೇ ಗೊತ್ತು ಮಾಡ್ಕೊಳ್ಳಿ." ಮೊದಲು ನಗುತ್ತಾರೆ, ಆಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಒಂದಿಬ್ಬರು ಮುಖ ಸಿಂಡರಿಸಿ ಎದ್ದು ಹೋದದ್ದೂ ಉಂಟು.

ಅತ್ತೆ ಈಗ ಕಿರಿಮಗನ ಮನೆಯಲ್ಲೇ ಇದ್ದಾಳೆ. ಬಾವ ಆಗಾಗ ತಾಯಿಯನ್ನು ನೋಡಲು ಬರುತ್ತಾನೆ. ಟಿಕೆಟ್ ಅಕ್ಕ ಬಾಗಿಲು ತೆಗೆದು ಒಳಗೆ ಸರಿಯುತ್ತಾಳೆ. ಮೊನ್ನೆ ಅವನು ಕಿತ್ತಳೆ ಸುಲಿದು ಒಂದು ತೊಳೆಯನ್ನು ತಾಯಿಯ ಬಾಯಿಯ ಹತ್ತಿರ ಹಿಡಿದ. ಅತ್ತೆ ಮುಖವನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, "ಬೇಡಪ್ಪಾ. ಸುಲಿಯದೆ ಇರೋದನ್ನ ಅಲ್ಲಿಡು. ನಾನೇ ಸುಲ್ಕೋತೀನಿ," ಎಂದಳು.