ತೊಗರಿಯ ತಲೆ ಮೀರದ ಗಿಡಗಳು

ಜಮೈಕಾದ ವೆಸ್ಟ್‌ಮೋರ್‌ಲ್ಯಾಂಡ್ ಗುಡ್ಡಗಳಲ್ಲಿ ವರ್ನಲ್ ಟಲಕ್‌ನಂಥ ಅಂಜುಬುರುಕ ಇನ್ನೊಬ್ಬ ಹುಟ್ಟಿರಲಿಲ್ಲ. ಸರಪಳಿ ಎಳೆದುಕೊಂಡು ಬರುವ ಬೆಂಕಿಗಣ್ಣಿನ ಕರುದೆವ್ವಕ್ಕೆ ಊರೆಲ್ಲ ಹೆದರುತ್ತಿತ್ತು, ಅದು ಬೇರೆ ಮಾತು. ವರ್ನಲ್ ತನ್ನ ಮನೆಯ ಹುಂಜಕ್ಕೂ ಹೆದರುತ್ತಿದ್ದ. ಅವನ ಎದೆ ಬಡಿದುಕೊಳ್ಳುವ ಸದ್ದನ್ನು ಗುಡ್ಡದಾಚೆಯ ಚರ್ಚಿನವರು ತಮ್ಮದೇ ಡೋಲೆಂದು ತಿಳಿದು ಹಾಡು ಶುರುಮಾಡಿದ್ದೂ ಉಂಟು.

ಇಂಥವನು ಬೆಳೆಯುತ್ತಿದ್ದುದು ಗಾಂಜಾ. ಅಪ್ಪ ಬೆಳೆದಿದ್ದ, ಅಜ್ಜ ಬೆಳೆದಿದ್ದ. ಆ ಕೆಂಪು ಮಣ್ಣಿನಲ್ಲಿ ಕೈಗೆ ಕಾಸು ತರುವ ಬೇರೆ ಬೆಳೆ ಅವನಿಗೆ ಗೊತ್ತಿರಲಿಲ್ಲ. ಸಿಕ್ಕಿಬಿದ್ದರೆ ಜೈಲು. ಅಣ್ಣ ಹಾಗೆ ಹೋಗಿ ತಿರುಗಿ ಬಂದಾಗ ಬಾಯಲ್ಲಿ ಹಲ್ಲೂ ಇರಲಿಲ್ಲ, ನಗುವೂ ಇರಲಿಲ್ಲ. ಅಂದಿನಿಂದ ಸೈನ್ಯದ ಹೆಲಿಕಾಪ್ಟರಿನ ಸದ್ದು ಕೇಳಿದರೆ ಸಾಕು, ವರ್ನಲ್‌ನ ಕಾಲುಗಳು ಅವನನ್ನು ಅಲ್ಲೇ ಬಿಟ್ಟು ತಾವೇ ಮನೆಗೆ ಓಡುತ್ತಿದ್ದವು.

ಊರಿನ ಉಳಿದ ಗಂಡಸರಿಗೆ ಗಿಡ ಎತ್ತರ ಬೆಳೆದಷ್ಟೂ ಹೆಮ್ಮೆ. ನೆರೆಯ ಲೆಬರ್ಟ್‌ನ ಗಿಡದ ತುದಿಯಲ್ಲಿ ರಣಹದ್ದು ಗೂಡು ಕಟ್ಟಿ, ಮರಿಗಳು ರೆಕ್ಕೆ ಬಲಿತರೂ ಹಾರದೆ, ಅಮಲೇರಿ ಅಲ್ಲೇ ಮುದಿಯಾದವಂತೆ. ಅಂಥ ಗಿಡ ಮೇಲೆ ಹಾರುವವರಿಗೆ ಕಾಣದೆ ಇದ್ದೀತೇ? ಸೈನಿಕರು ಇಳಿದು, ಕಡಿದು, ಸುಟ್ಟು ಹೋದರು. ಲೆಬರ್ಟ್ ಮರುವರ್ಷ ಇನ್ನೂ ಎತ್ತರದ್ದು ಬೆಳೆದ.

ವರ್ನಲ್‌ಗೆ ಭಯವೇ ಕಸುಬು ಕಲಿಸಿತು. ತೊಗರಿ ಸಾಲುಗಳ ನಡುವೆ ಸಸಿ ನೆಟ್ಟು, ಮೊಣಕಾಲೆತ್ತರ ಬಂದಾಗ ನೆತ್ತಿಯ ಕುಡಿ ಚಿವುಟುತ್ತಿದ್ದ. ಅದು ಕವಲೊಡೆದರೆ ಕವಲನ್ನೂ ಚಿವುಟುತ್ತಿದ್ದ. ಕಾಂಡ ಎಳೆಯದಾಗಿರುವಾಗಲೇ ಬೆರಳಲ್ಲಿ ಹಿಸುಕಿ ಹಿಸುಕಿ ಮೆತ್ತಗೆ ಮಾಡಿ, ಒಂದಿಷ್ಟೇ ಬಗ್ಗಿಸಿ, ಬಾಳೆನಾರಿನಿಂದ ನೆಲದ ಗೂಟಕ್ಕೆ ಕಟ್ಟುತ್ತಿದ್ದ. ಕೆಲವು ದಿನ ಬಿಟ್ಟು ಇನ್ನೊಂದಿಷ್ಟು. ಗಿಡ ಮಲಗಿದ ಮೇಲೆ ಪಕ್ಕದ ರೆಂಬೆಗಳೆಲ್ಲ ಬಿಸಿಲು ಕಂಡು ತಲೆ ಎತ್ತಿ, ಪ್ರತಿಯೊಂದೂ ತಾನೇ ಮನೆಯ ಯಜಮಾನನೆಂಬಂತೆ ಹೂಗೊಂಚಲು ಬಿಡುತ್ತಿತ್ತು. ನೆರಳಲ್ಲಿ ಸೊರಗಿದ ಅಡಿರೆಂಬೆಗಳನ್ನು ಸವರಿಬಿಡುತ್ತಿದ್ದ. ಹೀಗೆ ಪಳಗಿದ ಗಿಡ ಕಾವಿಗೆ ಕೂತ ಕೋಳಿಯಂತೆ ಅಗಲವಾಗಿ, ತೊಗರಿಯ ತಲೆ ಮೀರದೆ ಅಡಗಿರುತ್ತಿತ್ತು. ಫಸಲು ಮಾತ್ರ ಲೆಬರ್ಟ್‌ನ ಆಕಾಶಗಿಡಗಳಿಗಿಂತ ಹೆಚ್ಚು. ಈ ವಿದ್ಯೆಯನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಲೂ ಹೆದರಿಕೆ.

ಆ ವರ್ಷ ಹೂ ಮೂಡುವ ಹೊತ್ತಿಗೆ ಚಂಡಮಾರುತ ಬರುತ್ತದೆಂದು ರೇಡಿಯೊ ಹೇಳಿತು. ಅದು ಹೇಳಿ ಮುಗಿಸುವ ಮೊದಲೇ ವರ್ನಲ್ ಕೆಳಗಿನ ಪೇಟೆಯ ಶಾಲೆ ಸೇರಿ ಬೆಂಚಿನಡಿ ಮಲಗಿದ್ದ. ಗಾಳಿ ಎಂಥದ್ದೆಂದರೆ, ಇಲ್ಲಿ ಒಂದು ಮನೆಯ ತಗಡು ಹಾರಿ ಪಕ್ಕದೂರಿನ ತಗಡಿಲ್ಲದ ಮನೆಯ ಮೇಲೆ ಅಳತೆ ತೆಗೆದಂತೆ ಕೂತಿತು. ಗಾಳಿ ನಿಂತು ಎಲ್ಲರೂ ಮನೆಗೆ ಹೋದರೂ ಅವನು ಬೆಂಚಿನಡಿಯಿಂದ ಏಳಲಿಲ್ಲ. ಕೊನೆಗೆ ಮೇಷ್ಟರು ಪೊರಕೆ ತಂದರು.

ಗುಡ್ಡ ಹತ್ತಿ ಬರುವಾಗ ಲೆಬರ್ಟ್‌ನ ಗಿಡಗಳು ಬೇರು ಮೇಲಾಗಿ ಬಿದ್ದಿದ್ದವು. ತನ್ನವು ನೆಲ ಹಿಡಿದಿದ್ದರಿಂದ ಉಳಿದಾವು ಎಂದು ವರ್ನಲ್‌ಗೆ ಒಂದಿಷ್ಟು ಧೈರ್ಯ ಬಂತು. ಹೊಲದ ಅಂಚಿಗೆ ಬಂದವನೇ ನಿಂತುಬಿಟ್ಟ.

ಆ ಗುಡ್ಡದವರು ಊಟಕ್ಕೆ ಬೆಳೆಯುವುದು ಕೋಲಿಗೆ ಹಬ್ಬಿಸುವ ಹೆಗ್ಗೆಣಸು. ಗಾಳಿಗೆ ಅದರ ಬಳ್ಳಿ ಬಿದ್ದರೆ ಊರವರೆಲ್ಲ ಸೇರಿ ಹೊಲದಿಂದ ಹೊಲಕ್ಕೆ ಹೋಗಿ, ಯಜಮಾನ ಇರಲಿ ಬಿಡಲಿ, ಕೋಲು ನೆಟ್ಟು ಎತ್ತಿ ಕಟ್ಟುವುದು ವಾಡಿಕೆ. ಹಾಗೆಯೇ ವರ್ನಲ್‌ನ ಹೊಲಕ್ಕೂ ಬಂದಿದ್ದರು. ಅವನ ಒಂದೊಂದು ಗಿಡವನ್ನೂ ಉದ್ದನೆಯ ಗೆಣಸಿನ ಕೋಲಿಗೆ ಬಿಗಿದು ನಿಲ್ಲಿಸಿದ್ದರು. ಜುಟ್ಟು ಹಿಡಿದು ಎಬ್ಬಿಸಿದ ಕಳ್ಳರಂತೆ ಅವು ತೊಗರಿಯ ಮೇಲೆ ತಲೆ ಹಾಕಿಕೊಂಡು ಆಕಾಶಕ್ಕೆ ಮುಖ ತೋರಿಸುತ್ತಿದ್ದವು.

"ಬಂದ್ಯಾ ವರ್ನಲ್!" ಲೆಬರ್ಟ್ ಬೆವರು ಒರೆಸಿಕೊಂಡ. "ನಿನ್ ಹೊಲ ನೋಡಿ ಕರುಳು ಚುರ್ ಅಂತು ಕಣೋ. ಒಂದಾದ್ರೂ ನೆಟ್ಟಗಿತ್ತಾ? ಎಲ್ಲಾ ಅಂಗಾತ ಮಲಗಿದ್ವು. ಬಾಳೆನಾರು ಬೇರೆ ಎಲ್ಲಿಂದ್ಲೋ ಹಾರ್ಕೊಂಡು ಬಂದು ಸುತ್ಕೊಂಡಿತ್ತು. ಕಿತ್ತು ಬಿಸಾಕಿದ್ವಿ."

ವರ್ನಲ್ ಬಾಯಿ ತೆರೆದ. ಗಾಳಿ ಮಾತ್ರ ಬಂತು.

"ನೋಡು, ಖುಷಿಗೆ ಮಾತೇ ನಿಂತೋಯ್ತು," ಎಂದಳು ಪಕ್ಕದ ಮನೆಯ ಮುದುಕಿ ಮಿಸ್ ಐಸಿಲ್ಡಾ. ಮಳೆಗೆ ನೆನೆದ ಹೊದಿಕೆಗಳ ಬುಟ್ಟಿ ಹೊತ್ತು, ಒಣಹಾಕಲು ಪೊದೆ ಹುಡುಕುತ್ತಿದ್ದಳು.

ಅಷ್ಟರಲ್ಲಿ ಗುಡ್ಡದಾಚೆ ಗುಡುಗುಡು ಸದ್ದು ಕೇಳಿತು. ಮೋಡದ್ದಲ್ಲ.

ವರ್ನಲ್ ಹತ್ತಿರದ ಗಿಡಕ್ಕೆ ಕೈ ಹಾಕಿದ. ಬಗ್ಗಿಸೋಣವೆಂದರೆ ಬಲಿತ ಕಾಂಡ ಒಂದೇ ಏಟಿಗೆ ಲಟ್ಟೆಂದು ಮುರಿಯುತ್ತದೆ. ಕಡಿಯೋಣವೆಂದರೆ ವರ್ಷದ ಅನ್ನ. ಓಡೋಣವೆಂದರೆ ಕಾಲುಗಳು ಆಗಲೇ ಹೋಗಿದ್ದವು.

"ಅಯ್ಯೋ, ಕಂಬದ ಥರ ನಿಂತಿದೀಯಲ್ಲೋ! ಬಟ್ಟೆ ಹಾಕ್ರೋ!" ಮಿಸ್ ಐಸಿಲ್ಡಾ ಕೂಗಿ, ಮೊದಲ ಹೊದಿಕೆಯನ್ನು ಹತ್ತಿರದ ಗಿಡದ ಮೇಲೆಸೆದಳು. ಲೆಬರ್ಟ್ ತನ್ನ ಅಂಗಿ ಬಿಚ್ಚಿ ಹೊದಿಸಿದ. ಉಳಿದವರು ಮನೆಗಳಿಗೆ ಓಡಿ ಹಾಸುಬಟ್ಟೆ, ಪರದೆ, ಲಂಗ, ಪಾದ್ರಿಯ ನಿಲುವಂಗಿ, ಸಿಕ್ಕಿದ್ದೆಲ್ಲ ತಂದರು. ಕ್ಷಣದಲ್ಲಿ ಹೊಲ ಬಿಳಿಯಾಯಿತು.

ಅದೇ ತಪ್ಪಾಯಿತು. ಇಷ್ಟು ಬಿಳಿಬಟ್ಟೆ ಬೀಸುತ್ತಿದ್ದಾರೆಂದರೆ ಬಹಳ ಕಷ್ಟದಲ್ಲಿದ್ದಾರೆಂದುಕೊಂಡು ಹೆಲಿಕಾಪ್ಟರ್ ನೇರವಾಗಿ ಅವನ ಹೊಲದಂಚಿಗೆ ಇಳಿಯಿತು. ಚಂಡಮಾರುತದ ಪರಿಹಾರಕ್ಕೆಂದು ಹಿಟ್ಟಿನ ಮೂಟೆ ಹೊತ್ತು ಬಂದಿತ್ತು. ಅದರ ಗಾಳಿಗೆ ಲಂಗಗಳು ಹಾರಿದವು, ನಿಲುವಂಗಿ ಹಾರಿತು, ಮುಂದಿನ ಸಾಲಿನ ಗಿಡ ಹುಟ್ಟುಡುಗೆಯಲ್ಲಿ ನಿಂತಿತು. ಮೂಟೆ ಹೊತ್ತ ಸೈನಿಕನೊಬ್ಬ ಸರಿಯಾಗಿ ಅದರ ಮುಂದೆಯೇ ಬಂದು ನಿಂತ.

ಗಿಡ ನೋಡಿದ. ಕೋಲು ನೋಡಿದ. ಹೊದಿಕೆಯೊಂದು ಸುತ್ತಿಕೊಂಡು ಹೆಣದಂತೆ ನಿಂತಿದ್ದ ವರ್ನಲ್‌ನನ್ನು ನೋಡಿದ.

"ಯಾರ್ದು ಇದು, ಯಜಮಾನ್ರೇ?"

"ನಂದಲ್ಲ ಸಾರ್." ಸೊಳ್ಳೆಯ ದನಿ ಇದಕ್ಕಿಂತ ದಪ್ಪ.

ಸೈನಿಕ ಹಿಂದೆ ತಿರುಗಿ ತನ್ನ ಅಧಿಕಾರಿಯತ್ತ ಕಣ್ಣು ಹಾಯಿಸಿ, ಮೂಟೆ ಇಳಿಸುವ ನೆಪದಲ್ಲಿ ಬಗ್ಗಿದ. "ನಮ್ಮಪ್ಪನೂ ಗುಡ್ಡದ ರೈತನೇ. ಎಷ್ಟು ಚೆಂದ ಕವಲೊಡೆದ ಗಿಡ! ಇದಕ್ಕೆ ಗೆಣಸಿನ ಕೋಲು ಕಟ್ಟಿದ ಕತ್ತೆ ಯಾವ್ದು? ಬಗ್ಗಿಸಿ ಕಟ್ಟೋಕೆ ಬರ್ದೆ ಇರೋನು ಇದನ್ನ ಬೆಳೀಬಾರ್ದು."

ವರ್ನಲ್‌ನ ಬೆನ್ನು ನೆಟ್ಟಗಾಯಿತು. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಸಿಟ್ಟು ಬಂತು. ನನಗೆ ಬಗ್ಗಿಸಲು ಬರುವುದಿಲ್ಲವೇ? ಈ ದ್ವೀಪದಲ್ಲಿ ನನ್ನ ಹಾಗೆ ಬಗ್ಗಿಸುವವನು ಯಾರು? ಮಾತು ಗಂಟಲು ದಾಟಿ ನಾಲಿಗೆಯ ತುದಿಗೆ ಬಂದಿತ್ತು. ಅಲ್ಲಿ ಅಣ್ಣನ ಹಲ್ಲಿಲ್ಲದ ಬಾಯಿ ನೆನಪಾಯಿತು. ಭಯ ಆ ಮಾತಿನ ಕತ್ತು ಹಿಡಿದು ಹಿಂದಕ್ಕೆಳೆಯಿತು.

"ಯಾವ್ದೋ ಕತ್ತೆನೇ ಇರ್ಬೇಕು ಸಾರ್," ಎಂದ.

"ಯಾರೋ ಕತ್ತೆ?" ಎಂದು ಲೆಬರ್ಟ್ ಮುಂದೆ ಬಂದ. ಮಿಸ್ ಐಸಿಲ್ಡಾ ಒದ್ದೆ ದಿಂಬಿನಿಂದ ಅವನ ಬಾಯಿ ಮುಚ್ಚಿದಳು.

ಸೈನಿಕ ಬಿದ್ದ ಲಂಗವೊಂದನ್ನು ಎತ್ತಿ ಗಿಡದ ಮೇಲೆ ಹೊದಿಸಿದ. "ಆ ಕತ್ತೆಗೆ ಹೇಳಿ, ಬಟ್ಟೆ ಒಣಗೋದ್ರೊಳ್ಗೆ ಬಗ್ಗಿಸ್ಲಿ ಅಂತ. ಇನ್ನೊಂದ್ ಸಲ ಬಂದ್ರೆ ಹಿಟ್ಟು ತರಲ್ಲ, ಕತ್ತಿ ತರ್ತೀವಿ."

ಹೆಲಿಕಾಪ್ಟರ್ ಹೋಯಿತು. ಒಬ್ಬನ ಕೈಲಿ ಆಗದ ಕೆಲಸವಾದ್ದರಿಂದ ವರ್ನಲ್ ಮೊದಲ ಸಲ ತನ್ನ ವಿದ್ಯೆಯ ಬಗ್ಗೆ ಬಾಯಿ ಬಿಟ್ಟ. ಲೆಬರ್ಟ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಂಡ ಹಿಸುಕುವುದನ್ನು ತೋರಿಸಿದ. "ಮೆಲ್ಲಗೆ, ಮೆಲ್ಲಗೆ! ಅದೇನು ಅತ್ತೆ ಕತ್ತಾ?" ಸೀಳಿದ ಕಡೆ ಚಿಂದಿ ಸುತ್ತಿದರು. ಕೆಲವು ಮುರಿದವು, ಹೆಚ್ಚಿನವು ತಲೆ ತಗ್ಗಿಸಿದವು.

ಕೊನೆಯ ಸಾಲಿನಲ್ಲಿದ್ದಾಗ ದೂರದಲ್ಲಿ ಗುಂಯ್ ಎಂಬ ಸದ್ದು.

"ದುಂಬಿ ಕಣೋ," ಎಂದು ಲೆಬರ್ಟ್ ನಕ್ಕು ತಿರುಗಿದ. ವರ್ನಲ್ ಆಗಲೇ ತೊಗರಿಯಡಿ, ತನ್ನ ಗಿಡಗಳ ನಡುವೆ, ಅವುಗಳಷ್ಟೇ ಚಪ್ಪಟೆಯಾಗಿ ಮಲಗಿದ್ದ. ಸದ್ದು ದಪ್ಪವಾಗುತ್ತ ಬಂತು. ಲೆಬರ್ಟ್ ಒಮ್ಮೆ ಆಕಾಶ ನೋಡಿದವನು, ಬಾಯಿ ಮುಚ್ಚಿಕೊಂಡು ಅವನ ಪಕ್ಕಕ್ಕೆ ಮಲಗಿದ. ಹೆಲಿಕಾಪ್ಟರಿನ ನೆರಳು ಅವರ ಬೆನ್ನ ಮೇಲೆ ಹಾದು, ತೊಗರಿ ಸಾಲುಗಳ ಮೇಲೆ ಜಾರಿ, ನಿಲ್ಲದೆ ಮುಂದಿನ ಗುಡ್ಡಕ್ಕೆ ಹೋಯಿತು.